ತನ್ನ ಮನೆಗೆ ತಾನೇ ಬೆಂಕಿಯಿಟ್ಟ ಊರು

ಯೂರೋಪಿನ ಭೂಪಟದ ಉತ್ತರ ಭಾಗದಲ್ಲಿ ನಾರ್ವೆ ಮತ್ತು ಸ್ವೀಡನ್ ದೇಶಗಳು ಬೆನ್ನಿಗೆ ಬೆನ್ನು ಕೊಟ್ಟು ಮಲಗಿದಂತೆ ಕಾಣುತ್ತವೆ. ಇವೆರಡರ ನಡುವಿನ ಗಡಿ 1600 ಕಿಲೋಮೀಟರಿಗೂ ಉದ್ದ. ಹಿಮದ ಬೆಟ್ಟಗಳನ್ನೂ ದಟ್ಟ ಕಾಡುಗಳನ್ನೂ ಹಾದು ದಕ್ಷಿಣಕ್ಕೆ ಇಳಿಯುವ ಈ ಗೆರೆ ಸಮುದ್ರ ಸೇರುವ ಮುನ್ನ ಇಡ್ಡೆ ಎಂಬ ಕಿರಿದಾದ ಫ್ಯೋರ್ಡಿನ ನಡುವೆ ಸಾಗುತ್ತದೆ. ಹಿಮನದಿ ಕೊರೆದ ಕಣಿವೆಯೊಳಕ್ಕೆ ಸಮುದ್ರದ ನೀರು ನುಗ್ಗಿದರೆ ಅದು ಫ್ಯೋರ್ಡ್. ಟಿಸ್ಟಾ ಎಂಬ ಪುಟ್ಟ ನದಿ ಈ ಫ್ಯೋರ್ಡಿಗೆ ಬಂದು ಬೀಳುವ ಕಡೆ ಒಂದು ಊರಿದೆ. ಅದರ ಹೆಸರು ಹಾಲ್ಡೆನ್.

ರಾಜಧಾನಿ ಓಸ್ಲೋದಿಂದ ದಕ್ಷಿಣಕ್ಕೆ ಸುಮಾರು 120 ಕಿಲೋಮೀಟರ್ ದೂರದಲ್ಲಿರುವ ಈ ಊರಿನ ಜನಸಂಖ್ಯೆ ಸುತ್ತಲ ಹಳ್ಳಿಗಳನ್ನೂ ಸೇರಿಸಿ ಮೂವತ್ತು ಸಾವಿರದ ಆಸುಪಾಸು. ನಮ್ಮ ಕಡೆಯ ಒಂದು ಸಾಧಾರಣ ತಾಲ್ಲೂಕು ಕೇಂದ್ರದಷ್ಟೇ. ಆದರೆ ನಾರ್ವೆಯ ರಾಷ್ಟ್ರಗೀತೆಯಲ್ಲಿ ಇದರ ಹೆಸರು ಬರುತ್ತದೆ. ಒಬ್ಬ ಮಹಾರಾಜ ಪ್ರಾಣ ಬಿಟ್ಟದ್ದು ಇಲ್ಲಿಯೇ. ಜಗತ್ತಿನ ಹಲವು ದೇಶಗಳ ಅಣು ವಿಜ್ಞಾನಿಗಳು ಅರವತ್ತು ವರ್ಷ ಕಾಲ ಎಡತಾಕಿದ್ದೂ ಇದೇ ಊರಿಗೆ. ಈ ಊರಿನ ಒಬ್ಬ ಮಗ ನಮ್ಮ ಪಕ್ಕದ ತಮಿಳುನಾಡಿನ ಕಡಲ ತೀರಕ್ಕೂ ಬಂದು ಅಧಿಕಾರ ನಡೆಸಿ ಹೋದ. ಇಷ್ಟು ಚಿಕ್ಕ ಊರಿಗೆ ಇಷ್ಟೆಲ್ಲ ಚರಿತ್ರೆ ಬಂದದ್ದು ಹೇಗೆ? ಗಡಿಯಿಂದ!

ಊರಿಗೆ ಬಂದ ಗಡಿ

ಸಾಮಾನ್ಯವಾಗಿ ಗಡಿಯಲ್ಲಿ ಊರು ಹುಟ್ಟುತ್ತದೆ. ಹಾಲ್ಡೆನ್ ವಿಷಯದಲ್ಲಿ ಹಾಗಾಗಲಿಲ್ಲ. ಊರು ಇದ್ದಲ್ಲಿಯೇ ಇತ್ತು, ಗಡಿಯೇ ಅದರ ಬಾಗಿಲಿಗೆ ಬಂತು. ಹದಿನೇಳನೇ ಶತಮಾನದ ನಡುಭಾಗದವರೆಗೆ ಇದು ಮರದ ವ್ಯಾಪಾರದ ಒಂದು ಸಣ್ಣ ರೇವು. ಇದರ ದಕ್ಷಿಣಕ್ಕಿದ್ದ ಬೋಹುಸ್ಲೆನ್ ಪ್ರಾಂತವೂ ಆಗ ನಾರ್ವೆಗೇ ಸೇರಿತ್ತು. ನಾರ್ವೆಗೆ ಪ್ರತ್ಯೇಕ ದೊರೆ ಇರಲಿಲ್ಲ. ಡೆನ್ಮಾರ್ಕಿನ ದೊರೆಯೇ ನಾರ್ವೆಗೂ ದೊರೆ. ಆತನಿಗೂ ಸ್ವೀಡನ್ನಿನ ದೊರೆಗೂ ನಡೆದ ಯುದ್ಧದಲ್ಲಿ ಡೆನ್ಮಾರ್ಕ್ ಸೋತಿತು. 1658ರ ರೋಸ್ಕಿಲ್ಡ್ ಒಪ್ಪಂದದಂತೆ ಬೋಹುಸ್ಲೆನ್ ಸ್ವೀಡನ್ನಿನ ಪಾಲಾಯಿತು. ಎಲ್ಲೋ ದೂರದ ಅರಮನೆಯಲ್ಲಿ ಕಾಗದದ ಮೇಲೆ ಬಿದ್ದ ಸಹಿಯಿಂದ, ನಿನ್ನೆಯವರೆಗೆ ಒಳನಾಡಾಗಿದ್ದ ಊರು ಇಂದು ದೇಶದ ಹೊಸ್ತಿಲಾಯಿತು.

ಹೊಸ್ತಿಲಿನ ಮೇಲೆ ನಿಂತವರಿಗೆ ಮೊದಲ ಪೆಟ್ಟು ಬೀಳುವುದು ಸಹಜ. 1658ರಿಂದ 1660ರೊಳಗೆ ಸ್ವೀಡನ್ನಿನ ಪಡೆಗಳು ಮೂರು ಬಾರಿ ಊರಿನ ಮೇಲೆ ಬಿದ್ದವು. ಮೂರು ಬಾರಿಯೂ ಊರಿನವರು ಹಿಮ್ಮೆಟ್ಟಿಸಿದರು. 1661ರಲ್ಲಿ ಊರ ನೆತ್ತಿಯ ಬಂಡೆಯ ಮೇಲೆ ಫ್ರೆಡ್ರಿಕ್ಸ್ಟೆನ್ ಎಂಬ ಕೋಟೆಯ ಕೆಲಸ ಆರಂಭವಾಯಿತು. ಜನರ ಧೈರ್ಯಕ್ಕೆ ಮೆಚ್ಚಿದ ದೊರೆ ಮೂರನೆಯ ಫ್ರೆಡ್ರಿಕ್ 1665ರಲ್ಲಿ ಊರಿಗೆ ಪಟ್ಟಣದ ಹಕ್ಕು ಕೊಟ್ಟು ತನ್ನ ಹೆಸರನ್ನೇ ಇಟ್ಟ: ಫ್ರೆಡ್ರಿಕ್ಸ್‌ಹಾಲ್ಡ್. 1928ರಲ್ಲಿ ದೊರೆಯ ಹೆಸರನ್ನು ಬಿಟ್ಟು ಊರು ಹಾಲ್ಡೆನ್ ಆಯಿತು.

ಬೆಂಕಿಯ ರಾತ್ರಿ

ಸ್ವೀಡನ್ನಿನ ಹನ್ನೆರಡನೆಯ ಚಾರ್ಲ್ಸ್ ಯೂರೋಪನ್ನೇ ನಡುಗಿಸಿದ ದೊರೆ. ಹದಿನೈದನೇ ವಯಸ್ಸಿಗೆ ಪಟ್ಟಕ್ಕೆ ಬಂದ. ರಷ್ಯದ ಪೀಟರ್ ಮಹಾಶಯನ ಎದುರು 1709ರಲ್ಲಿ ಪೊಲ್ಟಾವಾದಲ್ಲಿ ಸೋತು, ಕೆಲ ವರ್ಷ ತುರ್ಕಿಯವರ ಆಶ್ರಯದಲ್ಲಿ ಕಳೆದು ಊರಿಗೆ ಮರಳಿದವನು, ಕಳೆದುಕೊಂಡದ್ದನ್ನು ಬೇರೆಡೆ ಗಳಿಸಲು ನಾರ್ವೆಯತ್ತ ತಿರುಗಿದ. 1716ರ ಜುಲೈ ತಿಂಗಳ ಒಂದು ರಾತ್ರಿ ಆತನ ಸೈನಿಕರು ಫ್ರೆಡ್ರಿಕ್ಸ್‌ಹಾಲ್ಡ್ ಪಟ್ಟಣದೊಳಕ್ಕೆ ನುಗ್ಗಿದರು.

ಆ ದೊರೆಯ ಲೆಕ್ಕಾಚಾರ ಸರಳ. ಕೋಟೆ ಇರುವುದು ಬಂಡೆಯ ಮೇಲೆ, ಮನೆಗಳಿರುವುದು ಬುಡದಲ್ಲಿ. ಮನೆಗಳಲ್ಲಿ ಸೈನಿಕರು ಅಡಗಿ ಕೂತರೆ ಕೋಟೆಯ ತೋಪುಗಳಿಂದ ರಕ್ಷಣೆ ಸಿಗುತ್ತದೆ. ಅಲ್ಲಿಂದಲೇ ನಿಧಾನವಾಗಿ ಕೋಟೆಯನ್ನು ಹಿಂಡಬಹುದು. ಈ ಲೆಕ್ಕ ಊರಿನವರಿಗೂ ಅರ್ಥವಾಯಿತು. ಪೇಡರ್ ಕೋಲ್ಬ್ಯೋರ್ನ್‌ಸೆನ್ ಎಂಬ ಮರದ ವ್ಯಾಪಾರಿಯೂ ಆತನ ಸೋದರ ಹಾನ್ಸ್ ಕೂಡ ನಾಗರಿಕರ ಮುಂದಾಳುಗಳು. ಶತ್ರುವಿಗೆ ಸೂರು ಸಿಗಬಾರದೆಂದು ಅವರು ಒಂದು ತೀರ್ಮಾನಕ್ಕೆ ಬಂದರು. ಊರಿಗೇ ಬೆಂಕಿ ಇಡಬೇಕು! ಪೇಡರ್ ಮೊದಲು ತನ್ನ ಮನೆಗೇ ಬೆಂಕಿ ಇಟ್ಟನೆಂದು ಊರಿನವರು ಹೇಳುತ್ತಾರೆ. ಎಲ್ಲವೂ ಮರದ ಮನೆಗಳು. ನೋಡನೋಡುತ್ತಿದ್ದಂತೆ ಊರೆಲ್ಲ ಉರಿಯಿತು. ಬೆಂಕಿ ಒಂದು ಕಡೆ, ಕೋಟೆಯ ಗುಂಡು ಇನ್ನೊಂದು ಕಡೆ. ಚಾರ್ಲ್ಸ್ ಹಿಂದೆ ಸರಿಯದೆ ವಿಧಿಯಿರಲಿಲ್ಲ.

ಇದಾದ ಕೆಲವೇ ದಿನಗಳಲ್ಲಿ, ಜುಲೈ 8ರಂದು, ಟೋರ್ಡೆನ್‌ಶ್ಯೋಲ್ಡ್ ಎಂಬ ನಾರ್ವೆಯ ಯುವ ನೌಕಾಧಿಕಾರಿ ಹತ್ತಿರದ ಡೈನೆಕಿಲೆನ್ ಎಂಬ ಫ್ಯೋರ್ಡಿನೊಳಗೆ ನುಗ್ಗಿ ಸ್ವೀಡನ್ನಿನ ಸರಬರಾಜು ಹಡಗುಗಳನ್ನು ನಾಶ ಮಾಡಿದ. ಅನ್ನ, ಮದ್ದುಗುಂಡು ಎರಡೂ ನಿಂತುಹೋದ ಮೇಲೆ ಚಾರ್ಲ್ಸ್ ನಾರ್ವೆಯನ್ನೇ ಬಿಟ್ಟು ನಡೆದ.

ರಾಷ್ಟ್ರಗೀತೆಯಲ್ಲಿ ನಾರ್ವೆಯವರು ನೆನೆಯುವುದು ಈ ಬೆಂಕಿಯ ರಾತ್ರಿಯನ್ನೇ. ಗೀತೆಯನ್ನು ಬರೆದವನು ಮುಂದೆ 1903ರಲ್ಲಿ ನೊಬೆಲ್ ಪಡೆದ ಕವಿ ಬ್ಯೋರ್ನ್‌ಸನ್. ಆದರೆ ಹಾಡುವುದು ಸುಲಭ. ಮರುದಿನ ಬೆಳಿಗ್ಗೆ ಬೂದಿಯ ನಡುವೆ ನಿಂತ ಒಬ್ಬ ತಾಯಿ ಮಕ್ಕಳಿಗೆ ಎಲ್ಲಿ ಅನ್ನ ಬೇಯಿಸಿದಳು, ಮುಂದಿನ ಚಳಿಗಾಲವನ್ನು ಎಲ್ಲಿ ಕಳೆದಳು ಎಂಬುದನ್ನು ಯಾವ ಹಾಡೂ ಹೇಳುವುದಿಲ್ಲ. ದೊರೆಗಳ ಜಗಳಕ್ಕೆ ಬಡ್ಡಿ ಕಟ್ಟುವವರು ಗಡಿಯ ಜನರೇ.

ನೆಲದ ಮೇಲೆ ತೇಲಿದ ಹಡಗುಗಳು

ಚಾರ್ಲ್ಸ್ ಸುಮ್ಮನಿರುವ ಜಾಯಮಾನದವನಲ್ಲ. 1718ರಲ್ಲಿ ಮತ್ತೆ ದಂಡೆತ್ತಿ ಬಂದ. ಕೋಟೆ ಗೆಲ್ಲಲು ಇಡ್ಡೆ ಫ್ಯೋರ್ಡಿನಲ್ಲಿ ಹಡಗುಗಳು ಬೇಕು. ಆದರೆ ಸಮುದ್ರದ ಬಾಯಲ್ಲಿ ಡೆನ್ಮಾರ್ಕ್-ನಾರ್ವೆಯ ನೌಕಾಪಡೆ ಕಾವಲಿತ್ತು. ಹಾಗಾದರೆ ಹಡಗುಗಳನ್ನು ನೆಲದ ಮೇಲೆಯೇ ತಂದರಾಯಿತು! ಸ್ಟ್ರೋಮ್‌ಸ್ಟಾಡ್ ಎಂಬ ಕಡಲೂರಿನಿಂದ ಕಾಡು ಗುಡ್ಡಗಳ ಮೇಲೆ ಮರದ ದಿಮ್ಮಿಗಳನ್ನು ಹಾಸಿ, ಅವುಗಳ ಮೇಲೆ ಹಡಗುಗಳನ್ನು ಎಳೆಸಿ ಇಡ್ಡೆ ಫ್ಯೋರ್ಡಿಗೆ ಇಳಿಸಿದರು. ಉಜ್ಜಿ ಸಾಗುವುದಕ್ಕಿಂತ ಉರುಳಿ ಸಾಗುವಾಗ ಘರ್ಷಣೆ ಕಡಿಮೆ ಎಂದು ಶಾಲೆಯಲ್ಲಿ ಓದುವ ಪಾಠದ ದೊಡ್ಡ ಪ್ರಯೋಗವಿದು. ಈ ಕೆಲಸದಲ್ಲಿ ನೆರವಾದವನು ಸ್ವೀಡನ್ನಿನ ಹೆಸರಾಂತ ಎಂಜಿನಿಯರ್ ಪೋಲ್ಹೆಮ್‌ನ ಸಹಾಯಕನಾಗಿದ್ದ ಎಮಾನ್ಯುಯೆಲ್ ಸ್ವೀಡನ್‌ಬರ್ಗ್. ಆಗಿನ್ನೂ ಮೂವತ್ತರ ತರುಣನಾದ ಈತ ಮುಂದೆ ವಿಜ್ಞಾನಿಯಾಗಿ, ಕೊನೆಗೆ ಅಧ್ಯಾತ್ಮ ಚಿಂತಕನಾಗಿ ಲೋಕಪ್ರಸಿದ್ಧನಾದ.

ಸ್ವೀಡನ್ನಿನ ಪಡೆ ಕೋಟೆಯ ಹೊರಗಿದ್ದ ಗಿಲ್ಡೆನ್‌ಲೊವೆ ಎಂಬ ಸಣ್ಣ ಕಾವಲು ಕೋಟೆಯನ್ನು ಗೆದ್ದಿತು. ಆ ದಾಳಿಯಲ್ಲಿ ದೊರೆಯೇ ಮುಂದೆ ನಿಂತಿದ್ದ. ಅನಂತರ ದೊಡ್ಡ ಕೋಟೆಯತ್ತ ದಿನದಿನಕ್ಕೂ ಕಂದಕಗಳನ್ನು ತೋಡುತ್ತ ಬಂದರು. ಅಂದು ಸ್ವೀಡನ್ನಿನ ಪಂಚಾಂಗದಂತೆ ನವೆಂಬರ್ 30. ಇಂದಿನ ಲೆಕ್ಕದಲ್ಲಿ 1718ರ ಡಿಸೆಂಬರ್ 11. ಕತ್ತಲಾದ ಮೇಲೆ ಕೆಲಸ ನೋಡಲೆಂದು ಚಾರ್ಲ್ಸ್ ಕಂದಕದ ದಂಡೆಯ ಮೇಲಕ್ಕೆ ತಲೆ ಎತ್ತಿದ. ಎಲ್ಲಿಂದಲೋ ಬಂದ ಗುಂಡು ತಲೆಯ ಒಂದು ಪಕ್ಕದಿಂದ ಹೊಕ್ಕು ಇನ್ನೊಂದು ಪಕ್ಕದಿಂದ ಹೊರಬಿತ್ತು. ಆಗ ಆತನಿಗೆ 36 ವರ್ಷ.

ದೊರೆ ಸತ್ತೊಡನೆ ಯುದ್ಧವೂ ಸತ್ತಿತು. ಮುತ್ತಿಗೆ ಹಾಕಿದ್ದವರು ಗಂಟುಮೂಟೆ ಕಟ್ಟಿದರು. ಆದರೆ ಉತ್ತರದಲ್ಲಿ ಟ್ರೊಂಡ್‌ಹೈಮ್ ಕಡೆಗೆ ಹೋಗಿದ್ದ ಇನ್ನೊಂದು ಸ್ವೀಡಿಷ್ ಪಡೆಗೆ ಸುದ್ದಿ ತಲುಪಿದ್ದು ತಡವಾಗಿ. ಜನವರಿಯ ನಡುಚಳಿಯಲ್ಲಿ ಬೆಟ್ಟ ದಾಟಿ ಮನೆಗೆ ಹೊರಟ ಆ ಪಡೆ ಹಿಮಬಿರುಗಾಳಿಗೆ ಸಿಕ್ಕಿತು. ಸುಮಾರು ಮೂರು ಸಾವಿರ ಸೈನಿಕರು ಹೆಪ್ಪುಗಟ್ಟಿ ಸತ್ತರು. ಒಂದು ಗುಂಡಿಗೆ ಸತ್ತ ದೊರೆಯನ್ನು ಲೋಕ ಇಂದಿಗೂ ಬಲ್ಲದು. ಚಳಿಗೆ ಸತ್ತ ಆ ಮೂರು ಸಾವಿರ ರೈತಮಕ್ಕಳ ಹೆಸರು ಬಲ್ಲವರು ಯಾರು?

ಗುಂಡು ಯಾರದು?

ಚಾರ್ಲ್ಸ್ ಸತ್ತ ಮರುದಿನವೇ ಪಿಸುಮಾತು ಹುಟ್ಟಿತು. ಹದಿನೆಂಟು ವರ್ಷ ಯುದ್ಧದಿಂದ ಬೇಸತ್ತ ಸ್ವೀಡನ್ನಿನವರೇ ಆತನನ್ನು ಕೊಲ್ಲಿಸಿದರೇ? ದೊರೆಯ ಮೈಗೆ ಸಾಧಾರಣ ಗುಂಡು ತಾಗದೆಂದೂ, ಆತನ ಅಂಗಿಯದೇ ಲೋಹದ ಗುಂಡಿಯನ್ನು ಕದ್ದು ಕೋವಿಗೆ ತುಂಬಿ ಹೊಡೆದರೆಂದೂ ಜನಪದರು ಕಥೆ ಕಟ್ಟಿದರು. 1924ರಲ್ಲಿ ಅಂಥದೇ ಒಂದು ಗುಂಡಿ ಸಿಕ್ಕಿತು. ಸ್ವೀಡನ್ನಿನ ವಾರ್‌ಬರಿ ಎಂಬ ಊರಿನ ವಸ್ತುಸಂಗ್ರಹಾಲಯದಲ್ಲಿ ಅದನ್ನು ಇಟ್ಟಿದ್ದಾರೆ.

ಕಥೆಯನ್ನು ಕಥೆಯೆಂದು ಬಿಡಬಹುದಿತ್ತು. ಸ್ವೀಡನ್ನಿನವರು ಬಿಡಲಿಲ್ಲ. 1746, 1799, 1859 ಮತ್ತು 1917ರಲ್ಲಿ, ಹೀಗೆ ನಾಲ್ಕು ಬಾರಿ ದೊರೆಯ ಶವಪೆಟ್ಟಿಗೆಯನ್ನು ತೆರೆದು ನೋಡಿದರು. ನೋಡಿದವರೆಲ್ಲ ಒಂದೇ ಮಾತು ಹೇಳಲಿಲ್ಲ. ಒಬ್ಬರು ಎಡದಿಂದ ಎಂದರೆ ಇನ್ನೊಬ್ಬರು ಬಲದಿಂದ ಎಂದರು. ಎಡಗಡೆ ಕೋಟೆ, ಬಲಗಡೆ ಸ್ವೀಡನ್ನಿನವರದೇ ಕಂದಕ ಎಂದಾದರೆ ದಿಕ್ಕಿನ ಪ್ರಶ್ನೆಯೇ ಅಪರಾಧಿಯ ಪ್ರಶ್ನೆ! ಆದರೆ 1917ರಲ್ಲಿ ಒಂದು ಒಳ್ಳೆಯ ಕೆಲಸವಾಯಿತು. ಆಗ ಎರಡು ದಶಕ ಹಳೆಯದಾಗಿದ್ದ ಎಕ್ಸ್-ರೇ ವಿದ್ಯೆಯಿಂದ ತಲೆಬುರುಡೆಯ ಚಿತ್ರ ತೆಗೆದಿಟ್ಟರು.

ಆ ಚಿತ್ರಗಳು ಒಂದು ಶತಮಾನದ ಅನಂತರ ಕೆಲಸಕ್ಕೆ ಬಂದವು. ಫಿನ್ಲೆಂಡಿನ ಔಲು ವಿಶ್ವವಿದ್ಯಾನಿಲಯದ ವಿಜ್ಞಾನಿಗಳು 2022ರಲ್ಲಿ ತಮ್ಮ ಅಧ್ಯಯನವನ್ನು ಪ್ರಕಟಿಸಿದರು. ಅವರು ಊಹೆಗೆ ಕೈ ಹಾಕಲಿಲ್ಲ, ಪ್ರಯೋಗ ಮಾಡಿದರು. ತಲೆಬುರುಡೆಯನ್ನು ಹೋಲುವ ಕೃತಕ ಮಾದರಿಗಳನ್ನು ಮಾಡಿ ಬೇರೆ ಬೇರೆ ಲೋಹದ, ಬೇರೆ ಬೇರೆ ಗಾತ್ರದ ಗುಂಡುಗಳನ್ನು ಹೊಡೆದು ನೋಡಿದರು. ಆ ಕಾಲದ ಕೋವಿಯ ಗುಂಡು ಸೀಸದ್ದು. ಸೀಸ ಮೆತ್ತನೆಯ ಲೋಹ. ಮೂಳೆಗೆ ಬಡಿದಾಗ ಚಪ್ಪಟೆಯಾಗುತ್ತದೆ, ತನ್ನ ಚೂರುಗಳನ್ನು ಗಾಯದಲ್ಲಿ ಬಿಟ್ಟುಹೋಗುತ್ತದೆ. ಎಕ್ಸ್-ರೇ ಚಿತ್ರದಲ್ಲಿ ಅಂಥ ಚೂರುಗಳು ಇರಲಿಲ್ಲ. ಗಾಯದ ಅಳತೆ, ದೊರೆಯ ಟೋಪಿಯಲ್ಲಿರುವ ತೂತಿನ ಅಳತೆ ಎಲ್ಲವನ್ನೂ ತಾಳೆ ನೋಡಿದಾಗ ಸಿಕ್ಕ ಉತ್ತರ ಹೀಗಿತ್ತು: ಗುಂಡು ಸೀಸದ್ದಲ್ಲ, ಅದರ ವ್ಯಾಸ 20 ಮಿಲಿಮೀಟರಿಗಿಂತ ಹೆಚ್ಚು. ಎಂದರೆ ಕೈಕೋವಿಯದಲ್ಲ, ಬಟ್ಟೆಯ ಗುಂಡಿಯೂ ಅಲ್ಲ. ಕೋಟೆಯ ತೋಪಿನಿಂದ ಒಮ್ಮೆಗೇ ಹತ್ತಾರು ಹಾರಿಬರುವ ಕಬ್ಬಿಣದ ಗುಂಡುಗಳಲ್ಲಿ ಒಂದು ಎನ್ನುವುದೇ ಹೆಚ್ಚು ಸಂಭವನೀಯ.

ಮುನ್ನೂರು ವರ್ಷ ಜನ ತಮ್ಮವರ ಮೇಲೆಯೇ ಹೊರಿಸಿದ್ದ ಒಂದು ಕೊಲೆಯ ಆಪಾದನೆ ಹೀಗೆ ಬಹುಮಟ್ಟಿಗೆ ಇಳಿಯಿತು. ವಿದ್ಯಾರ್ಥಿಗಳು ಗಮನಿಸಬೇಕಾದ ಅಂಶ ಇಲ್ಲಿದೆ. 1917ರಲ್ಲಿ ಚಿತ್ರ ತೆಗೆದವರಿಗೆ ಪೂರ್ತಿ ಉತ್ತರ ಸಿಗಲಿಲ್ಲ. ಆದರೂ ಅವರು ದಾಖಲೆಯನ್ನು ನೀಟಾಗಿ ಇಟ್ಟಿದ್ದರಿಂದ ಮುಂದಿನವರಿಗೆ ಉತ್ತರ ಸಿಕ್ಕಿತು. ಪ್ರಯೋಗಾಲಯದ ಪುಸ್ತಕವನ್ನು ಅಂಕಕ್ಕಾಗಿ ಬರೆಯುವವರು ಇದನ್ನು ನೆನಪಿಟ್ಟರೆ ಒಳ್ಳೆಯದು.

ನೀರಿಗೆ ಮೆಟ್ಟಿಲು ಕಟ್ಟಿದ ರೈತ

ಹಾಲ್ಡೆನ್ನಿನ ಹೊಟ್ಟೆ ತುಂಬಿಸಿದ್ದು ಯುದ್ಧವಲ್ಲ, ಮರ. ಒಳನಾಡಿನ ಕಾಡುಗಳಲ್ಲಿ ಕಡಿದ ದಿಮ್ಮಿಗಳನ್ನು ಸರೋವರಗಳ ಸರಪಣಿಯ ಮೂಲಕ ತೇಲಿಬಿಟ್ಟು ಟಿಸ್ಟಾ ನದಿಯ ಗರಗಸದ ಗಿರಣಿಗಳಿಗೆ ತರುತ್ತಿದ್ದರು. ಆದರೆ ಎಲ್ಲ ಕಾಡಿನ ನೀರೂ ಈ ಕಡೆಗೆ ಹರಿಯಬೇಕಲ್ಲ? ಈ ತೊಡಕಿಗೆ ದಾರಿ ಕಂಡವನು ಎಂಗೆಬ್ರೆಟ್ ಸೂಟ್. 1786ರಲ್ಲಿ ಹುಟ್ಟಿದ ಈತ ರೈತ. ಎಂಜಿನಿಯರಿಂಗ್ ಕಾಲೇಜಿನ ಮೆಟ್ಟಿಲು ಹತ್ತಿದವನಲ್ಲ. ನೀರು ಹೇಗೆ ನಡೆಯುತ್ತದೆಂದು ನೋಡಿ ನೋಡಿಯೇ ಕಲಿತವನು.

ಎರಡು ಸರೋವರಗಳ ನಡುವೆ ಒಂದು ಏರು ಅಡ್ಡ ಬಂದಿದೆ ಎನ್ನೋಣ. ದಿಮ್ಮಿಯನ್ನು ಏರಿಸುವುದು ಹೇಗೆ? ನೀರನ್ನು ಬಾಗಿಲುಗಳ ನಡುವೆ ಕಟ್ಟಿಹಾಕಬೇಕು. ಕೆಳಗಿನ ಕೋಣೆಗೆ ದಿಮ್ಮಿಯನ್ನೋ ದೋಣಿಯನ್ನೋ ತಂದು ಹಿಂದಿನ ಬಾಗಿಲು ಮುಚ್ಚಿ ಮೇಲಿನ ನೀರನ್ನು ಒಳಬಿಡಬೇಕು. ಕೋಣೆ ತುಂಬಿದಂತೆ ದೋಣಿಯೂ ಏರುತ್ತದೆ. ಆಮೇಲೆ ಮುಂದಿನ ಬಾಗಿಲು ತೆರೆದರೆ ಮೇಲಿನ ಕೋಣೆ. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಹತ್ತಬಹುದು. 1849ರಲ್ಲಿ ಸೂಟ್ ಕಟ್ಟಿ ಮುಗಿಸಿದ ಕಾಲುವೆಯಲ್ಲಿ ಇಂಥ 16 ಕೋಣೆಗಳಿದ್ದವು. ಅವು ದಿಮ್ಮಿಗಳನ್ನು 16 ಮೀಟರ್ ಎತ್ತರಕ್ಕೆ ಏರಿಸುತ್ತಿದ್ದವು. ಅದು ನಾರ್ವೆಯ ಮೊದಲ ಬಾಗಿಲು ಕಾಲುವೆ. ಅದರ ಬೆನ್ನಿಗೇ 1852ರಲ್ಲಿ ಹಾಲ್ಡೆನ್ ಕಾಲುವೆಯ ಕೆಲಸ ಆರಂಭವಾಯಿತು. ಸೂಟ್ 1859ರಲ್ಲಿ ತೀರಿಕೊಂಡ. ಆತ ತೋರಿದ ದಾರಿಯಲ್ಲಿ ಕೆಲಸ ಮುಂದುವರಿದು 1877ರಲ್ಲಿ ಮುಗಿಯಿತು. ಈ ಕಾಲುವೆಯ ಮೇಲಿರುವ ಬ್ರೆಕ್ಕೆ ಎಂಬಲ್ಲಿ ನಾಲ್ಕು ಕೋಣೆಗಳು ಸೇರಿ ದೋಣಿಯನ್ನು 26.6 ಮೀಟರ್ ಏರಿಸುತ್ತವೆ. ಅದು ಎಂಟು ಅಂತಸ್ತಿನ ಕಟ್ಟಡದಷ್ಟು ಎತ್ತರ! ಮರ ತೇಲಿಸುವ ಕೆಲಸ 1982ರಲ್ಲಿ ನಿಂತುಹೋಯಿತು. ಈಗ ಅಲ್ಲಿ ಓಡಾಡುವುದು ಪ್ರವಾಸಿಗರ ದೋಣಿಗಳು.

ಕೋಟೆಯೂರಿನಿಂದ ತರಂಗಂಬಾಡಿಗೆ

ಮರದ ವ್ಯಾಪಾರದಿಂದ ಬೆಳೆದ ಸಿರಿವಂತ ಮನೆತನಗಳಲ್ಲಿ ಆಂಕರ್ ಮನೆತನವೂ ಒಂದು. ಆ ಮನೆಯ ಇಬ್ಬರು ಅಣ್ಣತಮ್ಮಂದಿರ ದಾರಿಗಳು ಒಂದಕ್ಕೊಂದು ದೂರವಾದವು.

1744ರಲ್ಲಿ ಹುಟ್ಟಿದ ಅಣ್ಣ ಪೀಟರ್ ಆಂಕರ್ ಬಂದದ್ದು ನಮ್ಮ ಕಡೆಗೆ. ತಮಿಳುನಾಡಿನ ತರಂಗಂಬಾಡಿ ಆಗ ಡೆನ್ಮಾರ್ಕಿನವರ ಕೈಯಲ್ಲಿತ್ತು. 1620ರಲ್ಲಿ ತಂಜಾವೂರಿನ ನಾಯಕರಿಂದ ಜಾಗ ಪಡೆದು ಅವರು ಅಲ್ಲಿ ಡಾನ್ಸ್‌ಬೋರ್ಗ್ ಎಂಬ ಕೋಟೆ ಕಟ್ಟಿದ್ದರು. ಹದಿನೆಂಟನೇ ಶತಮಾನದ ಕೊನೆಯ ವರ್ಷಗಳಲ್ಲಿ ಪೀಟರ್ ಆಂಕರ್ ಅಲ್ಲಿಗೆ ಗವರ್ನರ್ ಆಗಿ ಬಂದು ಮುಂದಿನ ಶತಮಾನದ ಆರಂಭದವರೆಗೂ ಇದ್ದ. ಮೈಸೂರಿನ ಟಿಪ್ಪು ಸುಲ್ತಾನನೂ ಇಂಗ್ಲಿಷರೂ ಕಾದಾಡಿದ ಕಾಲವದು. ಸಣ್ಣ ಊರಿಟ್ಟುಕೊಂಡ ಗವರ್ನರನಿಗೆ ದೊಡ್ಡವರ ಜಗಳದ ನಡುವೆ ಮೈ ಉಳಿಸಿಕೊಳ್ಳುವುದೇ ಕೆಲಸ. 1801ರಲ್ಲಿ ಇಂಗ್ಲಿಷರು ತರಂಗಂಬಾಡಿಯನ್ನು ಸ್ವಲ್ಪ ಕಾಲ ವಶಪಡಿಸಿಕೊಂಡರು, 1808ರಲ್ಲಿ ಮತ್ತೆ ಹಿಡಿದರು. 1845ರಲ್ಲಿ ಡೆನ್ಮಾರ್ಕ್ ಅದನ್ನು ಇಂಗ್ಲಿಷರಿಗೇ ಮಾರಿತು. ಪೀಟರ್ ಆಂಕರನಿಗೆ ಚಿತ್ರ ಬರೆಯುವ ಹವ್ಯಾಸವಿತ್ತು. ದಕ್ಷಿಣ ಭಾರತದ ಗುಡಿ, ಕೋಟೆ, ಬಯಲುಗಳನ್ನು ಬರೆದ ಆತನ ಚಿತ್ರಗಳು ಓಸ್ಲೋದಲ್ಲಿ ಉಳಿದಿವೆ. ಕ್ಯಾಮೆರಾ ಇಲ್ಲದ ಕಾಲದ ನಮ್ಮ ನಾಡಿನ ನೋಟಗಳು ಅಷ್ಟು ದೂರದ ಚಳಿನಾಡಿನಲ್ಲಿವೆ ಎನ್ನುವುದು ಸೋಜಿಗವೇ.

ತಮ್ಮ ಕಾರ್ಸ್ಟೆನ್ ಆಂಕರ್ 1747ರಲ್ಲಿ ಹುಟ್ಟಿದವನು. 1814ರ ಜನವರಿಯಲ್ಲಿ ಡೆನ್ಮಾರ್ಕಿನ ದೊರೆ ನಾರ್ವೆಯನ್ನು ಸ್ವೀಡನ್ನಿಗೆ ಬಿಟ್ಟುಕೊಟ್ಟಾಗ ನಾರ್ವೆಯವರು ಒಪ್ಪಲಿಲ್ಲ. ಐಡ್ಸ್‌ವೋಲ್ ಎಂಬಲ್ಲಿದ್ದ ಕಾರ್ಸ್ಟೆನ್ ಆಂಕರನ ಮನೆಯಲ್ಲಿ ಪ್ರತಿನಿಧಿಗಳು ಸೇರಿ ತಮ್ಮದೇ ಸಂವಿಧಾನ ಬರೆದು ಮೇ 17ರಂದು ಸಹಿ ಹಾಕಿದರು. ಇಂದಿಗೂ ಅದು ನಾರ್ವೆಯ ರಾಷ್ಟ್ರೀಯ ದಿನ. ಆ ಬೇಸಿಗೆಯಲ್ಲಿ ಸ್ವೀಡನ್ ಮತ್ತೆ ದಂಡೆತ್ತಿ ಬಂತು. ಫ್ರೆಡ್ರಿಕ್ಸ್ಟೆನ್ ಕೋಟೆ ಆ ಸಲವೂ ಕಾಳಗದಲ್ಲಿ ಬೀಳಲಿಲ್ಲ. ಆದರೆ ಒಪ್ಪಂದವಾಗಿ, ಸಂವಿಧಾನವನ್ನು ಉಳಿಸಿಕೊಂಡ ನಾರ್ವೆ ಸ್ವೀಡನ್ನಿನ ದೊರೆಯನ್ನು ಒಪ್ಪಿತು.

ಈ ಕೂಡಾವಳಿ 91 ವರ್ಷ ನಡೆಯಿತು. 1905ರ ಆಗಸ್ಟಿನಲ್ಲಿ ನಾರ್ವೆಯಲ್ಲಿ ಜನಮತ ಕೇಳಿದರು. ಬೇರೆಯಾಗೋಣ ಎಂದವರು 3,68,208 ಮಂದಿ, ಬೇಡ ಎಂದವರು ಕೇವಲ 184! ಗಡಿಯ ಎರಡೂ ಕಡೆ ಸೈನಿಕರು ನಿಂತರು. ಆದರೆ ಗುಂಡು ಹಾರಲಿಲ್ಲ. ಎರಡೂ ದೇಶದವರು ಕಾರ್ಲ್‌ಸ್ಟಾಡ್ ಎಂಬ ಊರಿನಲ್ಲಿ ಕೂತು ಮಾತಾಡಿ ಮುಗಿಸಿದರು. ಗಡಿಯ ಹೊಸ ಕೋಟೆಗಳನ್ನು ಕೆಡವಬೇಕೆಂದು ನಿಶ್ಚಯವಾಯಿತು. ಫ್ರೆಡ್ರಿಕ್ಸ್ಟೆನ್ ಮಾತ್ರ ಚರಿತ್ರೆಯ ನೆನಪಾಗಿ ಉಳಿಯಲೆಂದು ಒಪ್ಪಿದರು. ಇನ್ನೂರೈವತ್ತು ವರ್ಷದ ಹಗೆ ಮೇಜಿನ ಮೇಲೆ ತೀರಿತು.

ಒಂದು ರೈಲಿನ ಕಥೆ

ಗಡಿ ಎಂದರೆ ಯಾವಾಗಲೂ ಅಪಾಯವೇ ಅಲ್ಲ. ಕೆಲವೊಮ್ಮೆ ಅದೇ ಪ್ರಾಣ ಉಳಿಸುವ ಗೆರೆ. 1940ರಲ್ಲಿ ಹಿಟ್ಲರನ ಸೇನೆ ನಾರ್ವೆಯನ್ನು ಹಿಡಿದಾಗ ಸ್ವೀಡನ್ ತಟಸ್ಥವಾಗಿತ್ತು. ಶತಮಾನಗಳ ಕಾಲ ಯಾವ ದಿಕ್ಕಿನಿಂದ ಶತ್ರು ಬರುತ್ತಿದ್ದನೋ ಈಗ ಅದೇ ದಿಕ್ಕಿಗೆ ಜನ ಕಾಡುದಾರಿಯಲ್ಲಿ ತಪ್ಪಿಸಿಕೊಂಡು ಹೋಗತೊಡಗಿದರು. ಅವರಲ್ಲಿ ಯಹೂದಿಗಳೂ ಇದ್ದರು.

1942ರ ಅಕ್ಟೋಬರ್ 22ರಂದು ಹಾಲ್ಡೆನ್ ಕಡೆಗೆ ಹೊರಟ ರೈಲಿನಲ್ಲಿ ಕೆಲವು ಯಹೂದಿಗಳು ಗಡಿ ದಾಟುವ ಆಸೆಯಿಂದ ಕೂತಿದ್ದರು. ತಪಾಸಣೆಗೆ ಬಂದ ಪೊಲೀಸನೊಬ್ಬನನ್ನು ಅವರಿಗೆ ದಾರಿ ತೋರಿಸುತ್ತಿದ್ದವನು ಗುಂಡಿಟ್ಟು ಕೊಂದ. ಆಳುತ್ತಿದ್ದವರಿಗೆ ಇದೊಂದು ನೆಪವಾಯಿತು. ಅಕ್ಟೋಬರ್ 26ರಂದು ನಾರ್ವೆಯಾದ್ಯಂತ ಯಹೂದಿ ಗಂಡಸರನ್ನು ಬಂಧಿಸಿದರು. ಒಂದು ತಿಂಗಳು ಕಳೆದು ಐನೂರಕ್ಕೂ ಹೆಚ್ಚು ಮಂದಿಯನ್ನು, ಹೆಂಗಸರು ಮಕ್ಕಳ ಸಹಿತ, ಹಡಗು ಹತ್ತಿಸಿದರು. ನಾರ್ವೆಯಿಂದ ಹೀಗೆ ಸಾಗಿಸಿದ ಏಳುನೂರಕ್ಕೂ ಮೀರಿದ ಯಹೂದಿಗಳಲ್ಲಿ ಬದುಕಿ ಮರಳಿದವರು ನಲವತ್ತಕ್ಕಿಂತ ಕಡಿಮೆ. ಕಾಡು ದಾಟಿ ಸ್ವೀಡನ್ ಸೇರಿದವರು ಉಳಿದುಕೊಂಡರು. ನಡುವೆ ಇದ್ದದ್ದು ಕೆಲವೇ ಮೈಲಿಯ ಅಂತರ.

ಬಂಡೆಯೊಳಗಿನ ಬೆಂಕಿ

ಯುದ್ಧ ಮುಗಿದ ಮೇಲೆ ಈ ಊರಿನ ಬಂಡೆಗೆ ಬೇರೆ ಕೆಲಸ ಬಂತು. ಅಣುಶಕ್ತಿಯನ್ನು ಶಾಂತಿಗಾಗಿ ಬಳಸುವ ಮಾತು ಎಲ್ಲೆಡೆ ಕೇಳುತ್ತಿದ್ದ ಕಾಲ. ಕಾಗದದ ಕಾರ್ಖಾನೆಯ ಪಕ್ಕದ ಗುಡ್ಡವನ್ನು ಕೊರೆದು, ಹತ್ತಾರು ಮೀಟರ್ ಬಂಡೆಯ ಕೆಳಗೆ ಒಂದು ಪರಮಾಣು ರಿಯಾಕ್ಟರ್ ಕಟ್ಟಿದರು. 1958ರಲ್ಲಿ ಹಲವು ದೇಶಗಳು ಕೂಡಿ ಇದನ್ನು ಜಂಟಿ ಯೋಜನೆಯಾಗಿ ಕೈಗೆತ್ತಿಕೊಂಡವು. 1959ರ ಜೂನ್ 29ರಂದು ಅದರಲ್ಲಿ ಸರಪಣಿ ಕ್ರಿಯೆ ಆರಂಭವಾಯಿತು.

ಯುರೇನಿಯಂ ಪರಮಾಣು ಒಡೆದಾಗ ಹೊಮ್ಮುವ ನ್ಯೂಟ್ರಾನುಗಳ ವೇಗ ಬಹಳ. ಅವು ಇನ್ನೊಂದು ಪರಮಾಣುವನ್ನು ಒಡೆಯಬೇಕಾದರೆ ವೇಗ ತಗ್ಗಬೇಕು. ಇದಕ್ಕೆ ಹಾಲ್ಡೆನ್ನಿನಲ್ಲಿ ಬಳಸಿದ್ದು ಭಾರಜಲ. ಸಾಧಾರಣ ಜಲಜನಕಕ್ಕಿಂತ ಎರಡರಷ್ಟು ಭಾರದ ಡ್ಯೂಟೀರಿಯಂ ಇರುವ ನೀರು ಅದು. ಪ್ರಕೃತಿಯಲ್ಲಿ ಸುಮಾರು 6400 ಜಲಜನಕ ಪರಮಾಣುಗಳಲ್ಲಿ ಒಂದು ಮಾತ್ರ ಡ್ಯೂಟೀರಿಯಂ. ಇದನ್ನು ಬೇರ್ಪಡಿಸಲು ಅಪಾರ ವಿದ್ಯುತ್ ಬೇಕು. ಜಲಪಾತಗಳ ನಾಡಾದ ನಾರ್ವೆ 1930ರ ದಶಕದಿಂದಲೇ ಆ ಕೆಲಸದಲ್ಲಿ ಪಳಗಿತ್ತು.

ಹಾಲ್ಡೆನ್ನಿನ ರಿಯಾಕ್ಟರ್ ವಿದ್ಯುತ್ ತಯಾರಿಸಲಿಲ್ಲ. ಅದರ ಉಗಿ ಪಕ್ಕದ ಕಾಗದದ ಕಾರ್ಖಾನೆಗೆ ಹೋಗುತ್ತಿತ್ತು. ಅದರ ನಿಜವಾದ ಕೆಲಸ ಪರೀಕ್ಷೆ. ವಿದ್ಯುತ್ ಸ್ಥಾವರಗಳಲ್ಲಿ ಇಂಧನವನ್ನು ಬೆರಳ ತುದಿಯಷ್ಟು ಗಾತ್ರದ ಬಿಲ್ಲೆಗಳಾಗಿ ಮಾಡಿ ಲೋಹದ ಉದ್ದ ಕೊಳವೆಯಲ್ಲಿ ತುಂಬಿಡುತ್ತಾರೆ. ಉರಿಯುತ್ತ ಹೋದಂತೆ ಬಿಲ್ಲೆ ಉಬ್ಬುತ್ತದೆ, ಬಿರಿಯುತ್ತದೆ, ಅನಿಲ ಬಿಡುತ್ತದೆ. ಕೊಳವೆ ಎಷ್ಟು ತಾಳೀತು? ಹೊರಗೆ ತೆಗೆದ ಮೇಲೆ ನೋಡಿದರೆ ಅರ್ಧ ಕಥೆ ಮಾತ್ರ ತಿಳಿಯುತ್ತದೆ. ಆದ್ದರಿಂದ ಹಾಲ್ಡೆನ್ನಿನವರು ಕೊಳವೆಯ ಒಳಗೇ ಅಳತೆಯ ಸಾಧನಗಳನ್ನು ಇಟ್ಟು, ರಿಯಾಕ್ಟರ್ ನಡೆಯುತ್ತಿರುವಾಗಲೇ ಉಷ್ಣತೆ, ಒತ್ತಡ, ಉದ್ದಗಳನ್ನು ಅಳೆಯುವ ವಿದ್ಯೆಯಲ್ಲಿ ಪರಿಣತರಾದರು.

1979ರಲ್ಲಿ ಅಮೆರಿಕದ ತ್ರೀ ಮೈಲ್ ಐಲೆಂಡ್ ಸ್ಥಾವರದಲ್ಲಿ ಅಪಘಾತವಾಯಿತು. ಯಂತ್ರದ ದೋಷದ ಜೊತೆಗೆ, ನಿಯಂತ್ರಣ ಕೊಠಡಿಯಲ್ಲಿದ್ದವರು ಮೀಟರುಗಳು ಹೇಳುತ್ತಿರುವುದನ್ನು ತಪ್ಪಾಗಿ ತಿಳಿದದ್ದೂ ಕಾರಣವೆಂದು ಗೊತ್ತಾಯಿತು. ಆಗ ಹಾಲ್ಡೆನ್ನಿನವರು ಯಂತ್ರದ ಜೊತೆಗೆ ಮನುಷ್ಯನನ್ನೂ ಪರೀಕ್ಷಿಸಲು ಹೊರಟರು. 1983ರಲ್ಲಿ ಅಲ್ಲಿ ಆರಂಭವಾದ ಪ್ರಯೋಗಾಲಯದಲ್ಲಿ ಕೃತಕ ನಿಯಂತ್ರಣ ಕೊಠಡಿಯೊಂದನ್ನು ಕಟ್ಟಿ, ಗಂಟೆ ಬಡಿದುಕೊಂಡಾಗ, ದೀಪಗಳು ಮಿನುಗಿದಾಗ ಮನುಷ್ಯ ಏನನ್ನು ನೋಡುತ್ತಾನೆ, ಏನನ್ನು ನೋಡದೆ ಬಿಡುತ್ತಾನೆ ಎಂದು ಅಭ್ಯಾಸ ಮಾಡಿದರು.

ರಿಯಾಕ್ಟರಿಗೂ ಮುಪ್ಪು ಬರುತ್ತದೆ. 2016ರಲ್ಲಿ ಕೆಟ್ಟ ಇಂಧನವನ್ನು ನಿಭಾಯಿಸುವಾಗ ಸ್ವಲ್ಪ ವಿಕಿರಣಶೀಲ ಅಯೋಡಿನ್ ಹೊರಬಿತ್ತು. 2018ರಲ್ಲಿ ಅದನ್ನು ಶಾಶ್ವತವಾಗಿ ಮುಚ್ಚಲು ತೀರ್ಮಾನವಾಯಿತು. ಮುಚ್ಚುವುದೆಂದರೆ ಬೀಗ ಜಡಿದು ಹೋಗುವುದಲ್ಲ. ಬಳಸಿದ ಇಂಧನ, ವಿಕಿರಣ ತಾಗಿದ ಉಕ್ಕು, ಕಾಂಕ್ರೀಟು ಎಲ್ಲವನ್ನೂ ಸುರಕ್ಷಿತವಾಗಿ ಬೇರ್ಪಡಿಸಲು ದಶಕಗಳೇ ಬೇಕು. ಅಂದು ರಿಯಾಕ್ಟರ್ ಕಟ್ಟಿದ ತಾತಂದಿರ ಲೆಕ್ಕವನ್ನು ಚುಕ್ತಾ ಮಾಡಬೇಕಾದವರು ಈಗ ಶಾಲೆಗೆ ಹೋಗುವ ಮೊಮ್ಮಕ್ಕಳು. ಅಣುಶಕ್ತಿಯ ಪರವಾಗಿ ಮಾತಾಡುವವರೂ ವಿರೋಧವಾಗಿ ಮಾತಾಡುವವರೂ ಈ ಲೆಕ್ಕವನ್ನು ಮರೆಯುವಂತಿಲ್ಲ.

ಗೋಡೆಯೂ ಸೇತುವೆಯೂ

ಇಡ್ಡೆ ಫ್ಯೋರ್ಡಿನ ಗ್ರಾನೈಟ್ ಕಲ್ಲು ಬಲು ಗಟ್ಟಿ. ಓಸ್ಲೋದ ಉದ್ಯಾನದಲ್ಲಿ ಗುಸ್ತಾವ್ ವಿಗೆಲಾಂಡ್ ರೂಪಿಸಿದ 121 ಮನುಷ್ಯಾಕೃತಿಗಳ ಏಕಶಿಲಾ ಸ್ತಂಭ ಇಲ್ಲಿಯ ಕಲ್ಲಿನದೇ. ಮೂವರು ಶಿಲ್ಪಿಗಳು 1929ರಿಂದ 14 ವರ್ಷ ಕಡೆದು ಅದನ್ನು ಮುಗಿಸಿದರು.

2010ರಲ್ಲಿ ಹಾಲ್ಡೆನ್ನಿನ ಕಾಡಿನ ನಡುವೆ ಒಂದು ಸೆರೆಮನೆ ತೆರೆಯಿತು. ಸುತ್ತ ಆರು ಮೀಟರ್ ಎತ್ತರದ ಗೋಡೆಯಿದೆ. ಆದರೆ ಒಳಗಿನ ಕೋಣೆಗಳ ಕಿಟಕಿಗೆ ಸರಳುಗಳಿಲ್ಲ. ಕೈದಿಗಳಿಗೆ ಅಡುಗೆಮನೆ, ಕಾರ್ಯಾಗಾರ, ಸಂಗೀತದ ಕೋಣೆ ಇವೆ. ಕಾವಲಿನವರು ಅವರ ಜೊತೆ ಕೂತು ಉಣ್ಣುತ್ತಾರೆ. ಇದು ಶಿಕ್ಷೆಯೋ ಸತ್ಕಾರವೋ ಎಂದು ಮೂಗು ಮುರಿಯುವವರೂ ಇದ್ದಾರೆ. ನಾರ್ವೆಯವರ ಉತ್ತರ ಇಷ್ಟೇ: ಮರಣದಂಡನೆ ಇಲ್ಲದ ದೇಶದಲ್ಲಿ ಇವರಲ್ಲಿ ಬಹುತೇಕರು ಒಂದು ದಿನ ಯಾರದೋ ನೆರೆಮನೆಗೆ ಬಂದು ನೆಲೆಸುವವರೇ. ಎಂಥ ನೆರೆಯವನು ಬೇಕು?

ನೆರೆಯ ಪ್ರಶ್ನೆ ಹಾಲ್ಡೆನ್ನಿಗೆ ಹೊಸದಲ್ಲ. ಊರಿನ ಹತ್ತಿರ ಸ್ವಿನೆಸುಂಡ್ ಎಂಬಲ್ಲಿ ಎರಡೂ ದೇಶಗಳನ್ನು ಕೂಡಿಸುವ ಸೇತುವೆಯಿದೆ. ಹಳೆಯದು 1946ರಲ್ಲಿ ಸಂಚಾರಕ್ಕೆ ತೆರೆಯಿತು. ಹೊಸದನ್ನು, ಎರಡೂ ದೇಶಗಳು ಜಗಳವಿಲ್ಲದೆ ಬೇರೆಯಾಗಿ ನೂರು ವರ್ಷ ತುಂಬಿದ 2005ರಲ್ಲಿ, ಜೂನ್ 10ರಂದು ಉದ್ಘಾಟಿಸಿದರು. 247 ಮೀಟರ್ ಅಗಲಕ್ಕೆ ಹಬ್ಬಿದ ಒಂದೇ ಕಮಾನು ಅದನ್ನು ಹೊತ್ತಿದೆ. ನಾರ್ವೆಯವರು ವಾರದ ಕೊನೆಗೆ ಈ ಸೇತುವೆ ದಾಟಿ ಸ್ವೀಡನ್ನಿನ ಅಂಗಡಿಗಳಿಗೆ ಹೋಗುತ್ತಾರೆ. ಮಾಂಸ, ಮಿಠಾಯಿ ಅಲ್ಲಿ ಅಗ್ಗ. ಒಂದು ಕಾಲಕ್ಕೆ ಆ ದಡದವರ ಕೈಗೆ ಸಿಗಬಾರದೆಂದು ತಮ್ಮ ಮನೆಗೇ ಬೆಂಕಿ ಇಟ್ಟವರ ವಂಶದವರು ಇಂದು ಅದೇ ದಡದಿಂದ ಚೀಲ ತುಂಬಿಕೊಂಡು ಮನೆಗೆ ಮರಳುತ್ತಾರೆ. ಬಂಡೆಯ ಮೇಲಿನ ಕೋಟೆಯಲ್ಲಿ ಬೇಸಿಗೆಯ ಸಂಜೆಗಳಂದು ಸಂಗೀತ ಕಚೇರಿ ನಡೆಯುತ್ತದೆ. ಕೇಳಲು ಸ್ವೀಡನ್ನಿನವರೂ ಬರುತ್ತಾರೆ.